ಸೀರಿಯಂ ಆಕ್ಸೈಡ್ ಪಾಲಿಶ್: 6 ಇಂಚಿನ ಕನ್ನಡಿಯ ಅಂಚಿನಲ್ಲಿ ಮಂಕು, ನಡುವೆ ಕೂದಲೆಳೆ ಗೀರು. ತಪ್ಪು ಪುಡಿಯದೋ, ಪಿಚ್‌ದೋ?

ಕಿರುತಾರೆ:

ನ್ಯೂಟೋನಿಯನ್ ದೂರದರ್ಶಕಕ್ಕೆ (ತಗ್ಗಾದ ಕನ್ನಡಿಯಿಂದ ಬೆಳಕು ಕೂಡಿಸುವಂಥದ್ದು) ಕನ್ನಡಿ ಉಜ್ಜುತ್ತಿದ್ದೇನೆ. ವ್ಯಾಸ 150 ಮಿ.ಮೀ., ಎಫ್/8 (ನಾಭಿದೂರ ವ್ಯಾಸದ ಎಂಟು ಪಟ್ಟು), ಮಾಮೂಲಿ ಪ್ಲೇಟ್ ಗ್ಲಾಸ್, ದಪ್ಪ 25 ಮಿ.ಮೀ. ಸಿಲಿಕಾನ್ ಕಾರ್ಬೈಡ್ ಗ್ರಿಟ್ (ಉಜ್ಜುವ ಪುಡಿ, ಸಂಖ್ಯೆ ಏರಿದಷ್ಟೂ ಕಣ ಸಣ್ಣ) 80, 120, 220, 400 ಮುಗಿಸಿ, ನಂತರ ಅಲ್ಯೂಮಿನಾ 15 ಮತ್ತು 9 ಮೈಕ್ರಾನ್. ಪಿಚ್ ಲ್ಯಾಪ್ (ಪಾಲಿಶ್ ಪುಡಿ ಹಿಡಿದುಕೊಂಡು ಕನ್ನಡಿಗೆ ಉಜ್ಜುವ ರಾಳದ ತಟ್ಟೆ) ಮನೆಯಲ್ಲೇ ಮಾಡಿದ್ದು: ಅಂಗಡಿಯ ರಾಳ, ಜೊತೆಗೆ ಸ್ವಲ್ಪ ಹರಳೆಣ್ಣೆ. ಪಾಲಿಶ್ ಪುಡಿ ಸೀರಿಯಂ ಆಕ್ಸೈಡ್, ಗುಲಾಬಿ ಬಣ್ಣದ್ದು. ಕಲಸಿದ್ದು ಬೋರ್‌ವೆಲ್ ನೀರಿನಲ್ಲಿ.

ಸುಮಾರು 4 ಗಂಟೆ ಪಾಲಿಶ್ ಆಗಿದೆ. ನಡುಭಾಗ ಚೆನ್ನಾಗಿ ಹೊಳೆಯುತ್ತಿದೆ, ಅಂಚಿನ ಸುಮಾರು 15 ಮಿ.ಮೀ. ಇನ್ನೂ ಮಂಕು. ಬೆಳಕಿಗೆ ಓರೆಯಾಗಿ ಹಿಡಿದರೆ ತೆಳ್ಳನೆಯ ಗೀರುಗಳು ಕಾಣುತ್ತವೆ. ನನ್ನ ಗೊಂದಲ ಇಷ್ಟು: ಪುಡಿ ಗುಲಾಬಿ ಇದೆ ಅಂದರೆ ಕಲಬೆರಕೆಯೇ? ಬಿಳಿಯದನ್ನೇ ತರಿಸಬೇಕಾ? ಬಾಟಲಿಯಲ್ಲಿ ಕಲಸಿಟ್ಟಿದ್ದು ತಳದಲ್ಲಿ ಕಲ್ಲಾಗಿದೆ, ಅದನ್ನು ಕೆರೆದು ಬಳಸಬಹುದಾ? ಉಳಿದ ಪುಡಿಯಲ್ಲಿ ಕಾರಿನ ಮುಂದಿನ ಗಾಜಿನ ವೈಪರ್ ಗೀರು ತೆಗೆಯಲು ಆಗುತ್ತದಾ?

ಶುಕ್ರೋದಯ:

ಗುಲಾಬಿ ಪುಡಿ ಬಿಸಾಕಿ. ಶೇ. 99.9 ಶುದ್ಧತೆಯ ಬಿಳಿ ಸೀರಿಯಂ ತರಿಸಿ. ಅದಕ್ಕಿಂತ ಒಳ್ಳೆಯದು ಹಳೆಯ ಕಾಲದ ಕೆಂಪು ರೂಜ್, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

ಲೋಹಿತ:

ಶುಕ್ರೋದಯ ಅವರೇ, ಎರಡೂ ಸಲಹೆ ಒಪ್ಪಲಾರೆ. ಹಾರ್ಡ್‌ವೇರ್ ಅಂಗಡಿಯ ರೂಜ್ ಬಾರ್ ಲೋಹಕ್ಕೆ ಹೊಳಪು ಕೊಡುವಂಥದ್ದು. ಅದರಲ್ಲಿ ಮೇಣ, ಜಿಡ್ಡು ಇರುತ್ತದೆ. ಕನ್ನಡಿಗೆ ಬಳಸುವ ರೂಜ್ ಬರಿಯ ಕಬ್ಬಿಣದ ಆಕ್ಸೈಡ್ ಪುಡಿ, ನೀರಿನಲ್ಲಿ ಕಲಸುವಂಥದ್ದು. ಜಿಡ್ಡು ಸೇರಿದರೆ ಗಾಜು ಪಾಲಿಶ್ ಆಗುವುದೇ ನಿಂತುಹೋಗುತ್ತದೆ. ಯಾಕೆಂದು ತಿಳಿದರೆ ಕಿರುತಾರೆಯವರ ಅರ್ಧ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಸಿಲಿಕಾನ್ ಕಾರ್ಬೈಡ್ ಗಾಜನ್ನು ಚೂರುಚೂರಾಗಿ ಒಡೆದು ತೆಗೆಯುತ್ತದೆ. ಸೀರಿಯಂ ಹಾಗಲ್ಲ. ಅದರ ಗಡಸುತನ ಮೋಸ್ ಮಾಪಕದಲ್ಲಿ (1ರಿಂದ 10ರವರೆಗಿನ ಗಡಸುತನದ ಅಳತೆ) ಸುಮಾರು 6, ಗಾಜಿನದೂ ಹೆಚ್ಚುಕಡಿಮೆ ಅಷ್ಟೇ. ಗಡಸುತನವೇ ಮುಖ್ಯವಾಗಿದ್ದರೆ ಗಡಸುತನ 9 ಇರುವ ಅಲ್ಯೂಮಿನಾ ಇದನ್ನು ಸುಲಭವಾಗಿ ಹಿಂದೆ ಹಾಕಬೇಕಿತ್ತು. ಆದರೆ ಪಿಚ್ ಮೇಲೆ ಗಾಜನ್ನು ಬೇಗ ನುಣುಪು ಮಾಡುವುದು ಸೀರಿಯಮ್ಮೇ. ನೀರು ಗಾಜಿನ ಮೇಲ್ಪದರದ ಸಿಲಿಕಾನ್-ಆಮ್ಲಜನಕ ಬಂಧಗಳನ್ನು ಸಡಿಲಿಸುತ್ತದೆ. ಸೀರಿಯಂ ಕಣದ ಮೇಲ್ಮೈ ಆ ಸಡಿಲಾದ ಸಿಲಿಕಾ ಜೊತೆ ತಾನೇ ಬಂಧ ಕಟ್ಟಿಕೊಂಡು, ಕಣ ಮುಂದೆ ಸರಿದಾಗ ಅದನ್ನು ಕಿತ್ತುಕೊಂಡು ಹೋಗುತ್ತದೆ. 1990ರಲ್ಲಿ ಸಂಶೋಧಕ ಲೀ ಕುಕ್ ಇದನ್ನು "ರಾಸಾಯನಿಕ ಹಲ್ಲು" ಎಂದು ವಿವರಿಸಿದರು. ಸೀರಿಯಂ 3+ ಮತ್ತು 4+ ವಿದ್ಯುದಂಶದ ಸ್ಥಿತಿಗಳ ನಡುವೆ ಸಲೀಸಾಗಿ ಓಡಾಡುವುದು ಈ ಚುರುಕಿಗೆ ಕಾರಣ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ವಾಹನಗಳ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಆಮ್ಲಜನಕ ಹಿಡಿದಿಟ್ಟು ಬೇಕಾದಾಗ ಬಿಡುವ ಕೆಲಸಕ್ಕೆ ಸೀರಿಯಂ-ಜಿರ್ಕೋನಿಯಂ ಆಕ್ಸೈಡ್ ಹಾಕುವುದೂ ಇದೇ ಗುಣಕ್ಕೆ.

ನೀರಿನ ಬದಲು ಎಣ್ಣೆ ಹಾಕಿ ಉಜ್ಜಿದರೆ ಪಾಲಿಶ್ ಬಹುತೇಕ ನಡೆಯುವುದೇ ಇಲ್ಲ. ಹಾಗಾಗಿ ನಿಮ್ಮ ನೀರು ಬಹಳ ಮುಖ್ಯ. ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೀರಿಯಂ ಕಣಗಳನ್ನು ಒಂದಕ್ಕೊಂದು ಅಂಟಿಸಿ ಗಂಟು ಮಾಡುತ್ತವೆ. ಕೋಲಾರದ ಕಡೆಯ ನೀರಾದರಂತೂ ಹೇಳಬೇಕಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಇಲ್ಲವೇ ಆರ್‌ಒ ನೀರು ಬಳಸಿ. ಪಿಎಚ್ 7ರಿಂದ 9ರ ಒಳಗಿದ್ದರೆ ಸಾಕು.

ಇನ್ನು ಬಣ್ಣ. ಶುದ್ಧ ಸೀರಿಯಂ ಆಕ್ಸೈಡ್ ಅಚ್ಚ ಬಿಳಿ ಅಲ್ಲ, ತೆಳು ಹಳದಿ. ಗುಲಾಬಿ, ಕಂದು ಬರುವುದು ಅದರಲ್ಲಿ ಉಳಿದ ಪ್ರೆಸಿಯೋಡೈಮಿಯಂನಿಂದ. ಅದಿರಿನಲ್ಲೇ ಸೀರಿಯಂ, ಲ್ಯಾಂಥನಂ, ನಿಯೋಡೈಮಿಯಂ, ಪ್ರೆಸಿಯೋಡೈಮಿಯಂ ಒಟ್ಟಿಗಿರುತ್ತವೆ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದ ಕಡಲ ಮರಳಿನ ಮೋನಜೈಟ್ ಆಗಲಿ, ಅಮೆರಿಕದ ಮೌಂಟನ್ ಪಾಸ್‌ನ ಬಾಸ್ಟ್ನಸೈಟ್ ಆಗಲಿ, ಇದೇ ಕಥೆ. ಪಾಲಿಶ್ ದರ್ಜೆಗೆ ಅವನ್ನೆಲ್ಲ ಪೂರ್ತಿ ಬೇರ್ಪಡಿಸುವ ಅಗತ್ಯವಿಲ್ಲ. ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಗಳಲ್ಲಿ ಬಹುಕಾಲದಿಂದ ಓಡಿರುವುದು ಈ ಕಂದು-ಗುಲಾಬಿ ಪುಡಿಯೇ. ನೋಡಬೇಕಾದ್ದು ಎರಡು: ಕಣದ ಗಾತ್ರ (ಸರಾಸರಿ 1ರಿಂದ 3 ಮೈಕ್ರಾನ್ ಇದ್ದರೆ ಒಳ್ಳೆಯದು), ಮತ್ತು ದಪ್ಪ ಕಣ ಬೆರೆತಿದೆಯೇ ಎಂಬುದು.

ಕಲಬೆರಕೆಯ ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷಿಸಿ. ಚಿಟಿಕೆ ಪುಡಿಗೆ ನಿಂಬೆರಸ ಬಿಡಿ. ನೊರೆ ಬಂದರೆ ಸುಣ್ಣಕಲ್ಲಿನ ಪುಡಿ ಸೇರಿದೆ, ಸೀರಿಯಂ ಸುಮ್ಮನಿರುತ್ತದೆ. ಇನ್ನೂ ಖಾತ್ರಿ ಬೇಕೆಂದರೆ ಅಳತೆಯ ಜಾಡಿಯಲ್ಲಿ 100 ಮಿ.ಲೀ. ನೀರಿಗೆ 50 ಗ್ರಾಂ ಪುಡಿ ಹಾಕಿ, ಗುಳ್ಳೆ ಹೋಗುವವರೆಗೆ ಕದಡಿ. ಸೀರಿಯಂ ಆಕ್ಸೈಡ್ ಸಾಂದ್ರತೆ ನೀರಿನ 7.2 ಪಟ್ಟು. ನೀರಿನ ಮಟ್ಟ 100ರಿಂದ 107-108ಕ್ಕೆ ಏರಬೇಕು. ಬರೀ ಸುಣ್ಣಕಲ್ಲಿನ ಪುಡಿಯಾದರೆ 118ರ ಹತ್ತಿರ ಹೋಗುತ್ತದೆ. 110 ದಾಟಿದರೆ ಅಂಗಡಿಯವನನ್ನು ಕೇಳಿ.

ಉಜ್ಜುಗಲ್ಲು:

ರಸಾಯನಶಾಸ್ತ್ರ ಲೋಹಿತ ಸರ್ ಹೇಳಿದ್ದಾರೆ. ಕೈಕೆಲಸದ ಕಡೆ ನಾನು ಬರೆಯುತ್ತೇನೆ. ಪುಡಿಗಿಂತ ನಿಮ್ಮ ಪಿಚ್ ಮೇಲೆ ನನಗೆ ಅನುಮಾನ ಜಾಸ್ತಿ.

ಮೊದಲು ಗೀರು. ಅದು ಯಾವ ಜಾತಿಯದು ಎಂದು ನೋಡಿ. 20 ಪಟ್ಟಿನ ಭೂತಗನ್ನಡಿಯಲ್ಲಿ ಗೀರಿನ ಅಂಚು ನಯವಾಗಿ, ಒಂದೇ ಗೆರೆಯಾಗಿ ಕಂಡರೆ ಅದು ಪಾಲಿಶ್ ಹಂತದ್ದು. ಗಟ್ಟಿ ಪಿಚ್, ಒಣಗಿದ ಸೀರಿಯಂ ಗಂಟು, ನೀರು ಸಾಲದಿರುವುದು, ಇವುಗಳಿಂದ ಬರುತ್ತದೆ. ಕಾರಣ ಸರಿಪಡಿಸಿ ಉಜ್ಜುತ್ತ ಹೋದರೆ ಅದೇ ಅಳಿಸಿಹೋಗುತ್ತದೆ. ಸಾಲಾಗಿ ಅರ್ಧಚಂದ್ರದ ಚಿಕ್ಕ ಚಿಕ್ಕ ಒಡಕು ಕಂಡರೆ ಮಾತ್ರ ಗ್ರಿಟ್ ಕಣ ಒಳಗೆ ಸೇರಿಕೊಂಡಿದೆ. ಆಗ ಮುಂದುವರಿಸಬೇಡಿ. ಲ್ಯಾಪ್‌ನ ಮೇಲ್ಪದರವನ್ನು ಹರಿತವಾದ ಬ್ಲೇಡಿನಲ್ಲಿ ಕೆರೆದು ತೆಗೆಯಿರಿ, ಬಕೆಟ್, ಬ್ರಷ್, ಬಟ್ಟೆ ಎಲ್ಲ ಬದಲಾಯಿಸಿ. 80 ಗ್ರಿಟ್ ಉಜ್ಜಿದ ಮೇಜಿನ ಮೇಲೆ ಪಾಲಿಶ್ ಮಾಡುತ್ತಿದ್ದರೆ ಜಾಗವನ್ನೇ ಬದಲಾಯಿಸಿ.

ಅಂಗಡಿ ರಾಳದಲ್ಲಿ ಮರಳು, ತೊಗಟೆ ಚೂರು ಇದ್ದೇ ಇರುತ್ತದೆ. ಕರಗಿಸಿದ ಮೇಲೆ ಹಳೆಯ ಬನಿಯನ್ ಬಟ್ಟೆಯಲ್ಲಿ ಸೋಸಿದ್ದೀರಾ? ಸೋಸದೆ ಸುರಿದಿದ್ದರೆ ಆ ಲ್ಯಾಪ್ ಬಿಟ್ಟುಬಿಡಿ, ಹೊಸದು ಸುರಿಯುವುದೇ ವಾಸಿ. ಕರಗಿಸುವಾಗ ಬಯಲು ಉರಿ ಬೇಡ, ಹಾಟ್‌ಪ್ಲೇಟ್ ಬಳಸಿ. ರಾಳದ ಹೊಗೆಗೆ ಬೆಂಕಿ ಹತ್ತಿಕೊಳ್ಳುತ್ತದೆ. ಕುದಿಯಲು ಬಿಡಬೇಡಿ.

ಪಿಚ್ ಹದ ನೋಡುವುದು ಹೀಗೆ. ಕರಗಿದ ಪಿಚ್‌ನ ಒಂದು ಚಮಚವನ್ನು ತಣ್ಣೀರಿಗೆ ಬಿಟ್ಟು, ಅದು ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಿರಿ. ಹೆಬ್ಬೆರಳಿನ ಉಗುರನ್ನು ಮಧ್ಯಮ ಒತ್ತಡದಲ್ಲಿ 10 ಸೆಕೆಂಡು ಒತ್ತಿ. 5-6 ಮಿ.ಮೀ. ಉದ್ದದ ಗುರುತು ಬಿದ್ದರೆ ಸರಿ. ಗುರುತೇ ಬೀಳದೆ ಚಕ್ಕೆ ಎದ್ದರೆ ಗಟ್ಟಿ: ಕಾಲು ಟೀ ಚಮಚದಂತೆ ಹರಳೆಣ್ಣೆ ಸೇರಿಸಿ, ಪ್ರತಿಸಲ ಮತ್ತೆ ಪರೀಕ್ಷಿಸಿ. 2-3 ಸೆಕೆಂಡಿನಲ್ಲೇ ಇಳಿದುಬಿಟ್ಟರೆ ಮೆತ್ತಗಾಗಿದೆ: ರಾಳ ಸೇರಿಸಿ. ಪರೀಕ್ಷೆ ಮಾಡಿದ ಹೊತ್ತೂ ಉಜ್ಜುವ ಹೊತ್ತೂ ಒಂದೇ ಉಷ್ಣತೆಯಲ್ಲಿರಲಿ. ಬೆಂಗಳೂರಿನ ಡಿಸೆಂಬರಿಗೆ ಸರಿಹೋದ ಪಿಚ್ ಕಲಬುರಗಿಯ ಏಪ್ರಿಲ್‌ನಲ್ಲಿ ಹರಿದುಹೋಗುತ್ತದೆ. ಬೇರೆಯವರ ಪಾಕಪಟ್ಟಿ ಕೇಳಿ ಪ್ರಯೋಜನವಿಲ್ಲ.

ಲ್ಯಾಪ್ ದಪ್ಪ 5-6 ಮಿ.ಮೀ., ಚೌಕಗಳು 25 ಮಿ.ಮೀ. ಲ್ಯಾಪಿನ ಕೇಂದ್ರ ಯಾವುದೇ ಚೌಕದ ಸರಿಯಾದ ನಡುವಿಗೂ ಬರಬಾರದು, ಮೂಲೆಗೂ ಬರಬಾರದು. ಬಂದರೆ ಕನ್ನಡಿಯ ಮೇಲೆ ಉಂಗುರಗಳು ಮೂಡುತ್ತವೆ. ಪ್ರತಿ ಸಲ ಶುರು ಮಾಡುವ ಮುನ್ನ ಸೀರಿಯಂ ಸವರಿ, ಕನ್ನಡಿ ಇಟ್ಟು, ಮೇಲೆ 4-5 ಕೆ.ಜಿ. ಭಾರ ಹೇರಿ 20 ನಿಮಿಷ ಬಿಡಿ. ಪಿಚ್ ಮೇಲೆ ಸೊಳ್ಳೆ ಪರದೆಯ ತುಂಡು ಇಟ್ಟು ಒತ್ತಿದರೆ ಸಣ್ಣ ಸಣ್ಣ ಕೋಶಗಳು ಮೂಡಿ ಸೀರಿಯಂ ಹಿಡಿದುಕೊಳ್ಳುತ್ತದೆ, ಕೆಲಸವೂ ಚುರುಕು. ಪರದೆ ತೆಗೆದ ಮೇಲೆ ಮತ್ತೆ ಕೆಲವು ನಿಮಿಷ ಕನ್ನಡಿಯಲ್ಲೇ ಒತ್ತುವುದನ್ನು ಮರೆಯಬೇಡಿ.

ಸೀರಿಯಂ 50 ಗ್ರಾಂಗೆ 400 ಮಿ.ಲೀ. ನೀರು, ಅಂದರೆ ನೀರುಮಜ್ಜಿಗೆಯ ಹದ. ಗಟ್ಟಿಯಾಗಿ ಕಲಸಿದರೆ ಬೇಗ ಆಗುತ್ತದೆಂಬುದು ಸುಳ್ಳು. ಕಣಗಳು ಒಂದರ ಮೇಲೊಂದು ಉರುಳುತ್ತವೆ ಅಷ್ಟೇ, ಪಿಚ್‌ನಲ್ಲಿ ಕೂರುವುದಿಲ್ಲ. 150 ಮಿ.ಮೀ. ಕನ್ನಡಿ ಪೂರ್ತಿ ಮುಗಿಯಲು 100 ಗ್ರಾಂ ಪುಡಿ ಧಾರಾಳ.

ಅಂಚಿನ ಮಂಕಿಗೆ ಬಂದರೆ, ಲೇಸರ್ ಪಾಯಿಂಟರ್ ಒಂದು ತನ್ನಿ. ಕನ್ನಡಿಯನ್ನು ತೊಳೆದು ಒರೆಸಿ, ಕತ್ತಲ ಕೋಣೆಯಲ್ಲಿ ಲೇಸರನ್ನು ಓರೆಯಾಗಿ ಬಿಡಿ. ಪಾಲಿಶ್ ಆದ ಕಡೆ ಮೇಲ್ಮೈಯಲ್ಲಿ ಚುಕ್ಕೆ ಕಾಣುವುದೇ ಇಲ್ಲ ಎನ್ನುವಷ್ಟು ಮಸುಕು, ಕುಳಿ (ಗ್ರಿಟ್ ಒಡೆದು ಮಾಡಿದ ಸಣ್ಣ ಗುಂಡಿ) ಉಳಿದ ಕಡೆ ಚುಕ್ಕೆ ಉರಿಯುತ್ತದೆ. ಪ್ರತಿಫಲಿಸಿದ ಕಿರಣ ಕಣ್ಣಿಗೆ ಬೀಳದಂತೆ ನಿಲ್ಲಿ. ಜೊತೆಗೆ ಭೂತಗನ್ನಡಿಯಲ್ಲಿ ಅಂಚಿನ ಕುಳಿಗಳ ಗಾತ್ರ ಎಲ್ಲ ಒಂದೇ ತರಹ ಇದೆಯೇ, ನಡುನಡುವೆ ದೊಡ್ಡವು ಇವೆಯೇ ನೋಡಿ ಇಲ್ಲಿ ಬರೆಯಿರಿ. ಕನ್ನಡಿ ಮೇಲಿಟ್ಟು ಉಜ್ಜುತ್ತಿದ್ದೀರೋ, ಲ್ಯಾಪ್ ಮೇಲಿಟ್ಟೋ?

ಕಿರುತಾರೆ:

ಕನ್ನಡಿ ಮೇಲೆ, ಲ್ಯಾಪ್ ಕೆಳಗೆ. ಅರ್ಧ ವ್ಯಾಸದಷ್ಟು ಉದ್ದದ ಹೊಡೆತ (ಉಜ್ಜುವಾಗ ಹಿಂದೆ-ಮುಂದೆ ಸರಿಸುವ ದೂರ). ಪಿಚ್ ಸೋಸಿರಲಿಲ್ಲ. ಉಗುರಿನ ಗುರುತು 10 ಸೆಕೆಂಡಿಗೂ ಸರಿಯಾಗಿ ಬೀಳಲಿಲ್ಲ. ಗೀರುಗಳು ನಯವಾದ ಗೆರೆಗಳೇ, ಅರ್ಧಚಂದ್ರ ಇಲ್ಲ. ಲೇಸರ್ ಚುಕ್ಕೆ ನಡುವೆ ಇಲ್ಲವೇ ಇಲ್ಲ, ಅಂಚಿನಲ್ಲಿ ಚೆನ್ನಾಗಿ ಉರಿಯುತ್ತದೆ. ಅಂಚಿನ ಕುಳಿಗಳು ಬಹುತೇಕ ಒಂದೇ ಗಾತ್ರ, ಆದರೆ ಅಲ್ಲಲ್ಲಿ ದೊಡ್ಡವೂ ಇವೆ.

ಉಜ್ಜುಗಲ್ಲು:

ಹಾಗಾದರೆ ಎರಡು ಕಾರಣ ಸೇರಿಕೊಂಡಿವೆ. ಕನ್ನಡಿ ಮೇಲಿದ್ದು ಹೊಡೆತ ಉದ್ದವಾದರೆ ನಡುಭಾಗ ಹೆಚ್ಚು ಸವೆಯುತ್ತದೆ, ಅಂಚು ಹಿಂದುಳಿಯುತ್ತದೆ. ಅಲ್ಲಲ್ಲಿ ಕಾಣುವ ದೊಡ್ಡ ಕುಳಿ 400ರದೋ 220ರದೋ ಉಳಿಕೆ. 9 ಮೈಕ್ರಾನ್‌ನಲ್ಲೇ ಹೋಗಬೇಕಿದ್ದವು ಅವು. ಸೀರಿಯಂ ತೆಗೆಯುವ ಪದರ ತೀರಾ ತೆಳ್ಳಗೆ, ಅಂಥ ಕುಳಿಯನ್ನು ಪಾಲಿಶಿನಲ್ಲಿ ಅಳಿಸಲು ಹೋದರೆ ದಿನಗಟ್ಟಲೆ ಉಜ್ಜಬೇಕು, ಅಷ್ಟರಲ್ಲಿ ಅಂಚು ಕೆಳಕ್ಕೆ ಮಡಚಿಕೊಂಡಿರುತ್ತದೆ.

ಬೇಜಾರಾದರೂ ಹಿಂದಕ್ಕೆ ಹೋಗಿ. ಕನ್ನಡಿಯನ್ನು ಚೆನ್ನಾಗಿ ತೊಳೆದು, ಗಾಜು ಅಥವಾ ಟೈಲ್ ಹಚ್ಚಿದ ಟೂಲಿನ (ಕನ್ನಡಿಗೆ ಎದುರಾಗಿಟ್ಟು ಉಜ್ಜುವ ತಟ್ಟೆ) ಮೇಲೆ 15 ಮೈಕ್ರಾನ್ ಅಲ್ಯೂಮಿನಾ. ಶುರು ಮಾಡುವ ಮುಂಚೆ ಕನ್ನಡಿಯ ಮೇಲೆ ಪೆನ್ಸಿಲಿನಲ್ಲಿ ಅಡ್ಡ, ಉದ್ದ ಗೆರೆ ಎಳೆಯಿರಿ. ಒಂದು ನಿಮಿಷ ಉಜ್ಜಿ ನೋಡಿದಾಗ ಗೆರೆ ನಡುವಿನಿಂದ ಅಂಚಿನವರೆಗೆ ಒಂದೇ ಸಮ ಅಳಿಯಬೇಕು. ಅಂಚಿನಲ್ಲಿ ಉಳಿದರೆ ಎರಡು ಮೇಲ್ಮೈ ಇನ್ನೂ ಕೂಡಿಲ್ಲ. ಹೊಡೆತ ವ್ಯಾಸದ ಮೂರನೇ ಒಂದು, ಅದಕ್ಕಿಂತ ಜಾಸ್ತಿ ಬೇಡ. 10 ನಿಮಿಷಕ್ಕೊಮ್ಮೆ ಮೇಲೆ-ಕೆಳಗೆ ಅದಲುಬದಲು ಮಾಡಿ. ದೊಡ್ಡ ಕುಳಿ ಪೂರ್ತಿ ಹೋದ ಮೇಲೆ 9 ಮೈಕ್ರಾನ್ ಇನ್ನೊಂದು ಮುಕ್ಕಾಲು ಗಂಟೆ. ಸಿಕ್ಕರೆ 5 ಮೈಕ್ರಾನ್ ಕೂಡ ಮಾಡಿ. ಅಲ್ಲಿ ಕಳೆದ ಅರ್ಧ ಗಂಟೆ ಪಾಲಿಶಿನಲ್ಲಿ ಎರಡು ಗಂಟೆ ಉಳಿಸುತ್ತದೆ. ಕನ್ನಡಿಯ ನಡುಭಾಗದ ತಗ್ಗಿನ ಆಳ ಸುಮಾರು 1.17 ಮಿ.ಮೀ. ಇರಬೇಕು. ಸ್ವಲ್ಪ ಆಚೀಚೆ ಆದರೆ ನಾಭಿದೂರ ಬದಲಾಗುತ್ತದೆ ಅಷ್ಟೇ, ತಲೆ ಕೆಡಿಸಿಕೊಳ್ಳಬೇಡಿ.

ನಂತರ ಸೋಸಿದ ಹೊಸ ಪಿಚ್. ಮೊದಲ ಗಂಟೆ ಲ್ಯಾಪ್ ಮೇಲಿಟ್ಟು ಉಜ್ಜಿ, ಆಮೇಲೆ ಅದಲುಬದಲು. ಹೀಗೆ ಮಾಡಿದರೆ 150 ಮಿ.ಮೀ. ಕನ್ನಡಿ ಕೈಯಲ್ಲೇ 4ರಿಂದ 6 ಗಂಟೆಯಲ್ಲಿ ಅಂಚಿನವರೆಗೂ ಹೊಳೆಯುತ್ತದೆ.

ಲೋಹಿತ:

ತಳದಲ್ಲಿ ಕಲ್ಲಾದ ಸೀರಿಯಂ ಬಗ್ಗೆ. ಕೆರೆದು ನೇರವಾಗಿ ಲ್ಯಾಪ್‌ಗೆ ಹಾಕಬೇಡಿ, ಕೂದಲೆಳೆ ಗೀರಿಗೆ ಅದಕ್ಕಿಂತ ಸುಲಭದ ದಾರಿಯಿಲ್ಲ. ಉಗುರುಬೆಚ್ಚನೆಯ ಡಿಸ್ಟಿಲ್ಡ್ ನೀರು ಹಾಕಿ ರಾತ್ರಿಯಿಡೀ ನೆನೆಸಿ, ಮರದ ಕಡ್ಡಿಯಲ್ಲಿ ಕದಡಿ ಪೂರ್ತಿ ಬಿಡಿಸಿ. ಆಮೇಲೆ ತಿಳಿ ಬಸಿಯಬೇಕು: ನೀರಿನ ಎತ್ತರ 10 ಸೆ.ಮೀ. ಬರುವಂಥ ಪಾತ್ರೆಗೆ ಹಾಕಿ ಚೆನ್ನಾಗಿ ಕದಡಿ, 75 ಸೆಕೆಂಡು ಬಿಟ್ಟು, ತಳ ಅಲುಗದಂತೆ ಮೇಲಿನದನ್ನು ಇನ್ನೊಂದು ಪಾತ್ರೆಗೆ ಸುರಿಯಿರಿ. ಸ್ಟೋಕ್ಸ್ ಸೂತ್ರದ ಲೆಕ್ಕದಲ್ಲಿ 20 ಮೈಕ್ರಾನಿನ ಗಟ್ಟಿ ಸೀರಿಯಂ ಕಣ ಸೆಕೆಂಡಿಗೆ ಸುಮಾರು 1.35 ಮಿ.ಮೀ. ಇಳಿಯುತ್ತದೆ, ಹಾಗಾಗಿ ಅದಕ್ಕಿಂತ ದೊಡ್ಡದೆಲ್ಲ ತಳ ಸೇರಿರುತ್ತದೆ. 2 ಮೈಕ್ರಾನಿನ ಕಣ ಅಷ್ಟೇ ದೂರ ಇಳಿಯಲು ಎರಡು ಗಂಟೆ ಬೇಕು, ಅದು ಮೇಲೆಯೇ ಉಳಿಯುತ್ತದೆ. ಸುರಿದು ಉಳಿದ ಗಸಿಯನ್ನು ಎಸೆಯಿರಿ.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. 220 ಗ್ರಿಟ್ ಬಿದ್ದಿದ್ದರೆ 20 ಸೆಕೆಂಡಿನಲ್ಲೇ ತಳಕ್ಕೆ ಹೋಗುತ್ತದೆ. ಆದರೆ 9 ಮೈಕ್ರಾನ್ ಅಲ್ಯೂಮಿನಾ ಹಗುರ, 10 ಸೆ.ಮೀ. ಇಳಿಯಲು 12 ನಿಮಿಷಕ್ಕೂ ಹೆಚ್ಚು ಬೇಕು. ಅದು ಸೀರಿಯಂ ಜೊತೆಗೇ ಬಂದುಬಿಡುತ್ತದೆ. ಅಲ್ಯೂಮಿನಾ ಸೇರಿರುವ ಅನುಮಾನವಿದ್ದರೆ ಬಸಿಯುವ ತಾಪತ್ರಯ ಬೇಡ, ಹೊಸ ಪುಡಿ ಬಳಸಿ. ಸೀರಿಯಂ ಅಷ್ಟೇನೂ ದುಬಾರಿಯಲ್ಲ. ಭೂಮಿಯ ತೊಗಟೆಯಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ.

ಇನ್ನೊಂದು: ಕನ್ನಡಿಯ ಮೇಲೆ ಸೀರಿಯಂ ಒಣಗಲು ಬಿಡಬೇಡಿ. ಗಾಜಿನ ಜೊತೆ ಬಂಧ ಕಟ್ಟುವ ಅದೇ ಗುಣ ಆಗ ತಿರುಗಿ ಬೀಳುತ್ತದೆ, ಬಿಳಿ ಪೊರೆ ಬಟ್ಟೆಯಿಂದ ಒರೆಸಿದರೂ ಹೋಗುವುದಿಲ್ಲ. ಹಾಗೆ ಆಗಿದ್ದರೆ ಹೊಸದಾಗಿ ಕಲಸಿದ ಸೀರಿಯಂನಲ್ಲೇ ಕೆಲವು ನಿಮಿಷ ಉಜ್ಜಿ, ಒದ್ದೆ ಇದ್ದಾಗಲೇ ತೊಳೆಯಿರಿ. ಸುಟ್ಟು ತಯಾರಿಸಿದ ಸೀರಿಯಂ ಆಕ್ಸೈಡ್ ಟಾಯ್ಲೆಟ್ ಆ್ಯಸಿಡ್‌ನಲ್ಲಿ ಕರಗುವುದಿಲ್ಲ, ಸುಮ್ಮನೆ ಕೈ ಸುಟ್ಟುಕೊಳ್ಳಬೇಡಿ. ತೊಳೆದ ನೀರನ್ನು ಸಿಂಕಿಗೆ ಬಿಡದೆ ಬಕೆಟ್‌ನಲ್ಲಿ ಒಂದು ದಿನ ಇಟ್ಟು, ತಿಳಿ ಚೆಲ್ಲಿ, ಗಸಿಯನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಇಲ್ಲದಿದ್ದರೆ ಬಾಟಲಿಯಲ್ಲಿ ಆದದ್ದೇ ಪೈಪಿನ ಬಾಗಿನಲ್ಲೂ ಆಗುತ್ತದೆ. ಒಣ ಪುಡಿ ಅಳೆಯುವಾಗ ಎನ್95 ಮಾಸ್ಕ್ ಇರಲಿ. ವಿಷತ್ವ ಕಡಿಮೆ, ಆದರೆ ವರ್ಷಗಟ್ಟಲೆ ಈ ದೂಳು ಉಸಿರಾಡಿದವರಲ್ಲಿ ಶ್ವಾಸಕೋಶದ ಕಾಯಿಲೆ ದಾಖಲಾಗಿದೆ.

ಗಾಜುಪಟ್ಟಿ:

ಕಾರಿನ ಗಾಜಿಗೆ ನಾನು ಉತ್ತರಿಸುತ್ತೇನೆ. ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಕೈ ಹಾಕಬೇಡಿ. ಅಷ್ಟು ಆಳ ತೆಗೆಯುವಷ್ಟರಲ್ಲಿ ಗಾಜು ಅಲ್ಲಿ ತಗ್ಗಾಗಿ, ಎದುರಿನ ವಾಹನದ ದೀಪ ಸೊಟ್ಟಗೆ ಕಾಣುತ್ತದೆ. ಅದೂ ಚಾಲಕನ ಕಣ್ಣಿನ ನೇರಕ್ಕಿದ್ದರೆ ಅಪಾಯ. ವೈಪರ್ ರಬ್ಬರಿನ ಮರಳಿನಿಂದ ಆದ ಮಂಕು, ಸಣ್ಣ ಗೀರು, ಉಪ್ಪುನೀರಿನ ಕಲೆ, ಇವಕ್ಕೆ ಸೀರಿಯಂ ಸರಿ.

ಇಲ್ಲಿ ಪಿಚ್ ಅಲ್ಲ, 75 ಮಿ.ಮೀ. ಫೆಲ್ಟ್ ಪ್ಯಾಡ್. ಡ್ರಿಲ್ ವೇಗ ನಿಮಿಷಕ್ಕೆ 1500 ಸುತ್ತು ಮೀರಬಾರದು. ಗಾತ್ರದ ಲೆಕ್ಕದಲ್ಲಿ ಒಂದು ಪಾಲು ಪುಡಿಗೆ ಎರಡು ಪಾಲು ನೀರು, ಕನ್ನಡಿಗಿಂತ ಗಟ್ಟಿ. ಒಂದೇ ಜಾಗದಲ್ಲಿ ನಿಲ್ಲಿಸದೆ ಗೀರಿನ ಮೂರು ಪಟ್ಟು ಅಗಲಕ್ಕೆ ಓಡಿಸಿ. ನಿಮಿಷಕ್ಕೊಮ್ಮೆ ನಿಲ್ಲಿಸಿ ಅಂಗೈ ಇಟ್ಟು ನೋಡಿ: ಬೆಚ್ಚಗಾದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ಗಾಜು ಸೀಳುತ್ತದೆ. ಬಿಸಿಯಾದ ಗಾಜಿಗೆ ತಣ್ಣೀರು ಎರಚುವುದಂತೂ ಬೇಡವೇ ಬೇಡ. ಬಿಸಿಲಲ್ಲಿ ನಿಂತ ಕಾರನ್ನು ನೆರಳಿಗೆ ತಂದು ತಣಿಸಿ ಶುರು ಮಾಡಿ. ಬಾನೆಟ್, ರಬ್ಬರ್ ಬೀಡಿಂಗ್ ಮೇಲೆ ಪ್ಲಾಸ್ಟಿಕ್ ಹೊದಿಸಿ. ರಬ್ಬರಿನ ಸಂದಿಯಲ್ಲಿ ಒಣಗಿದ ಸೀರಿಯಂ ತಿಂಗಳುಗಟ್ಟಲೆ ಬಿಳಿ ಗೆರೆಯಾಗಿ ಕಾಣುತ್ತದೆ. ವೈಪರ್ ಬ್ಲೇಡ್ ಮೊದಲು ಬದಲಾಯಿಸಿ, ಇಲ್ಲದಿದ್ದರೆ ಮೊದಲ ಮಳೆಗೆ ಅದೇ ಗೀರು.

ಮೊಬೈಲ್ ಪರದೆಗೆ, ಲೇಪನ ಇರುವ ಕನ್ನಡಕಕ್ಕೆ ಇದನ್ನು ಹಚ್ಚಬೇಡಿ. ಗೀರಿಗಿಂತ ಮೊದಲು ಲೇಪನವೇ ಹೋಗುತ್ತದೆ. ಪ್ಲಾಸ್ಟಿಕ್ ಹೆಡ್‌ಲೈಟ್‌ಗೂ ಇದರಿಂದ ಹೆಚ್ಚಿನ ಉಪಯೋಗವಿಲ್ಲ, ಅದರಲ್ಲಿ ಸಿಲಿಕಾ ಎಲ್ಲಿದೆ?

ಶುಕ್ರೋದಯ:

ಹಾರ್ಡ್‌ವೇರ್ ಬಾರ್ ಬಗ್ಗೆ ಹೇಳಿದ್ದು ಒಪ್ಪಿದೆ. ಆದರೆ ಕೊನೆಯ ಹಂತಕ್ಕೆ ಪುಡಿ ರೂಜ್ ಬಳಸಿದರೆ ಮೇಲ್ಮೈ ಇನ್ನೂ ನಯವಾಗುತ್ತದೆ ಎನ್ನುವುದು ನಿಜ ಅಲ್ಲವೇ?

ಉಜ್ಜುಗಲ್ಲು:

ನಿಜ. ರೂಜ್ ನಿಧಾನ, ಸೀರಿಯಂನ ಎರಡು ಮೂರು ಪಟ್ಟು ಸಮಯ ಹಿಡಿಯುತ್ತದೆ, ಆದರೆ ನಯ ಜಾಸ್ತಿ. ಪ್ಯಾರಾಬೋಲ (ಬೆಳಕನ್ನೆಲ್ಲ ಒಂದೇ ಬಿಂದುವಿಗೆ ಸೇರಿಸುವ ಆಕಾರ) ತಿದ್ದುವಾಗ ಆ ನಿಧಾನವೇ ಅನುಕೂಲ. ಆದರೆ ಅದಕ್ಕೆ ಬೇರೆಯದೇ ಲ್ಯಾಪ್ ಬೇಕು, ಸೀರಿಯಂ ಓಡಿದ ಪಿಚ್ ಮೇಲೆ ರೂಜ್ ಹಾಕಿದರೆ ರೂಜ್ ಹಾಕಿದ ಉದ್ದೇಶವೇ ಹೋಯಿತು. ಜೊತೆಗೆ ಬಟ್ಟೆ, ನೆಲ, ಉಗುರು ಎಲ್ಲ ಕೆಂಪು.

ಕಿರುತಾರೆಯವರ ಕನ್ನಡಿಗೆ ಅದು ಬೇಕಿಲ್ಲ. 150 ಮಿ.ಮೀ. ಎಫ್/8ರಲ್ಲಿ ಗೋಳಕ್ಕೂ ಪ್ಯಾರಾಬೋಲಕ್ಕೂ ಅಂಚಿನಲ್ಲಿ ಇರುವ ವ್ಯತ್ಯಾಸ 0.29 ಮೈಕ್ರಾನ್ ಅಷ್ಟೇ. ಫೋಕಸ್ ಸರಿಮಾಡಿಕೊಂಡರೆ ಬೆಳಕಿನ ಅಲೆಯಲ್ಲಿ ಉಳಿಯುವ ದೋಷ ಹಸಿರು ಬೆಳಕಿನ ತರಂಗಾಂತರದ ಕಾಲುಭಾಗದ ಸುತ್ತಮುತ್ತ. ಸರಿಯಾದ ಗೋಳ ಬಂದರೂ ಗುರುಗ್ರಹದ ಪಟ್ಟಿಗಳು ಚೆನ್ನಾಗಿಯೇ ಕಾಣುತ್ತವೆ. ಫೂಕೋ ಪರೀಕ್ಷೆಯಲ್ಲಿ (ಪ್ರತಿಫಲಿಸಿದ ಬೆಳಕಿಗೆ ಬ್ಲೇಡ್ ಅಡ್ಡ ಹಿಡಿದು ಮೇಲ್ಮೈಯ ಆಕಾರ ನೋಡುವುದು) ಕನ್ನಡಿ ಪೂರ್ತಿ ಒಂದೇ ಸಮ ಬೂದಾಗುವವರೆಗೆ ಹೊಡೆತ ಚಿಕ್ಕದಾಗಿಡಿ. ಆಮೇಲೆ ಕನ್ನಡಿ ಮೇಲಿಟ್ಟು, ಇಂಗ್ಲಿಷಿನ ಡಬ್ಲ್ಯು ಆಕಾರದ ಅಗಲ ಹೊಡೆತ 2-3 ನಿಮಿಷದಂತೆ ಕೊಟ್ಟು ನಡುಭಾಗವನ್ನು ಸ್ವಲ್ಪ ಸ್ವಲ್ಪವೇ ಆಳ ಮಾಡುತ್ತ ಹೋಗಿ. ಪ್ರತಿಸಲ ಪರೀಕ್ಷೆಗೆ ಮೊದಲು ಗಾಜು ತಣಿಯಬೇಕು. ನಿಮ್ಮದು ಪ್ಲೇಟ್ ಗ್ಲಾಸ್, ಬೋರೋಸಿಲಿಕೇಟ್ ಗಾಜಿಗಿಂತ ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಕೈ ಬಿಸಿ ಹೋಗಲು ಎರಡು ಗಂಟೆ ಕೊಡಿ, ಇಲ್ಲದಿದ್ದರೆ ಕಾಣುವುದು ಗಾಜಿನ ಬಿಸಿಯ ಉಬ್ಬು, ನೀವು ತಿದ್ದುವುದೂ ಅದನ್ನೇ.

ಕಿರುತಾರೆ:

ಧನ್ಯವಾದ ಎಲ್ಲರಿಗೂ. 15 ಮೈಕ್ರಾನ್‌ಗೆ ಹಿಂದೆ ಹೋಗುತ್ತೇನೆ, ಪಿಚ್ ಹೊಸದು, ನೀರು ಡಿಸ್ಟಿಲ್ಡ್. ಹಳೆಯ ಲ್ಯಾಪಿನ ಪಿಚ್ಚನ್ನೇ ಕರಗಿಸಿ ಸೋಸಿ ಮತ್ತೆ ಬಳಸಿದರೆ?

ಉಜ್ಜುಗಲ್ಲು:

ಬೇಡ. ಬನಿಯನ್ ಬಟ್ಟೆ ಮರಳನ್ನು ಹಿಡಿಯುತ್ತದೆ, ಪಿಚ್‌ನೊಳಗೆ ಹುದುಗಿದ ಸೀರಿಯಂ ಗಂಟುಗಳನ್ನು ಪೂರ್ತಿ ಹಿಡಿಯುವುದಿಲ್ಲ. ಮೇಲಾಗಿ ಮತ್ತೆ ಕಾಯಿಸಿದಷ್ಟೂ ರಾಳ ಗಟ್ಟಿಯಾಗುತ್ತ ಹೋಗುತ್ತದೆ, ನಿಮ್ಮದು ಈಗಾಗಲೇ ಗಟ್ಟಿ. ಹೊಸ ರಾಳ 200 ಗ್ರಾಂ ಸಾಕು.